ಸಹಾಯವಾಣಿಗೆ ಕರೆ ಮಾಡಿದವರ ಇಳುವರಿ ಏಕೆ ಕಡಿಮೆ? ದತ್ತಾಂಶದಲ್ಲಿ ಕಾರಣ ಹುಡುಕುವ ಬಗೆ

ಪ್ರಶ್ನೆ: ಕೃಷಿ ಸಲಹೆ ನೀಡುವ ಖಾಸಗಿ ಸಂಸ್ಥೆಯೊಂದರಲ್ಲಿ ನಾನು ದತ್ತಾಂಶ ವಿಶ್ಲೇಷಕ. ಹಾವೇರಿ, ಧಾರವಾಡ ಜಿಲ್ಲೆಗಳ ಒಣಮೆಣಸಿನಕಾಯಿ ಬೆಳೆಗಾರರ ಮಾಹಿತಿ ನಮ್ಮಲ್ಲಿದೆ. ಜಮೀನಿನ ವಿಸ್ತಾರ, ತಳಿ, ನೀರಾವರಿ, ಮಳೆ, ಔಷಧ ಸಿಂಪಡಣೆಯ ಲೆಕ್ಕ, ನಮ್ಮ ಸಹಾಯವಾಣಿಗೆ ಬಂದ ಕರೆಗಳ ಸಂಖ್ಯೆ, ಎಕರೆವಾರು ಇಳುವರಿ, ಹೀಗೆ ಏಳು ಕಾಲಂ. ಇಳುವರಿಯನ್ನು ಊಹಿಸಲು ಎಕ್ಸ್‌ಜಿಬೂಸ್ಟ್ (ದತ್ತಾಂಶದಿಂದ ಕಲಿತು ಊಹಿಸುವ ಮಷೀನ್ ಲರ್ನಿಂಗ್ ವಿಧಾನ) ಮಾದರಿ ಕಟ್ಟಿದಾಗ ಎಲ್ಲಕ್ಕಿಂತ ಮುಖ್ಯ ಅಂಶವಾಗಿ ಬಂದದ್ದು ಕರೆಗಳ ಸಂಖ್ಯೆ. ಕರೆ ಹೆಚ್ಚಿದಷ್ಟೂ ಇಳುವರಿ ಕಡಿಮೆ. ಹಾಗಾದರೆ ಸಹಾಯವಾಣಿಯಿಂದ ರೈತರಿಗೆ ನಷ್ಟವೇ ಎಂದು ಮೇಲಧಿಕಾರಿ ಕೇಳುತ್ತಿದ್ದಾರೆ. ಕಾರಣಗಳನ್ನು ಪತ್ತೆ ಮಾಡುವ ಅಲ್ಗಾರಿದಮ್‌ಗಳನ್ನೂ ಓಡಿಸಿ ನೋಡಿದೆ. ‘ಪಿಸಿ’ ಎಂಬುದು ಕರೆಯಿಂದ ಇಳುವರಿಯ ಕಡೆಗೆ, ಅಂದರೆ ಕರೆಯೇ ಕಾರಣ ಎಂದು ಬಾಣ ಎಳೆಯಿತು, ‘ನೋಟಿಯರ್ಸ್’ ಇಳುವರಿಯಿಂದ ಕರೆಯ ಕಡೆಗೆ. ಮಳೆಯ ಕಾಲಂ ತೆಗೆದರೆ ಪಿಸಿಯ ಬಾಣವೂ ತಿರುಗಿತು. ಯಾವುದನ್ನು ನಂಬಲಿ? ಮಷೀನ್ ಲರ್ನಿಂಗ್‌ನಿಂದ ಕಾರಣಗಳನ್ನು ಕಲಿಯಲು ಸಾಧ್ಯವೇ?

ಉತ್ತರ: ಸದ್ಯಕ್ಕೆ ಎರಡು ಬಾಣಗಳನ್ನೂ ಬದಿಗಿಡಿ. ಸಹಾಯವಾಣಿ ಮುಚ್ಚುವ ಮಾತಂತೂ ಬೇಡ. ಕರೆಗಳ ಸಂಖ್ಯೆ ಗೊತ್ತಿದ್ದರೆ ಇಳುವರಿಯನ್ನು ಊಹಿಸಬಹುದು ಎಂದಷ್ಟೇ ನಿಮ್ಮ ಮಾದರಿ ಹೇಳಿದೆ. ಕರೆಗಳನ್ನು ನಿಲ್ಲಿಸಿದರೆ ಇಳುವರಿ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಆ ಮಾದರಿಗೆ ಯಾರೂ ಕೇಳಿಲ್ಲ, ಕೇಳಿದ್ದರೂ ಅದರ ಬಳಿ ಉತ್ತರವಿರಲಿಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಇದು: ಬಾಣದ ದಿಕ್ಕು ಬಹುಮಟ್ಟಿಗೆ ಕೋಷ್ಟಕದ ಹೊರಗಿನಿಂದಲೇ ಬರಬೇಕು. ದಿಕ್ಕು ಗೊತ್ತಾದ ಮೇಲೆ ಪರಿಣಾಮ ಎಷ್ಟು, ಯಾರ ಮೇಲೆ ಹೆಚ್ಚು ಎಂದು ಅಳೆಯುವಲ್ಲಿ ಮಷೀನ್ ಲರ್ನಿಂಗ್ ನಿಜಕ್ಕೂ ಶಕ್ತ. ಈ ಎರಡು ಕೆಲಸಗಳನ್ನು ಒಂದೇ ಎಂಬಂತೆ ಮಾರುವವರು ಈಗ ಬಹಳ ಮಂದಿ ಇರುವುದರಿಂದ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ನಿಮಗೆ ಎದುರಾದದ್ದು 1990ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರಿಗೂ ಎದುರಾಗಿತ್ತು. ನ್ಯುಮೋನಿಯಾ ಬಂದವರಲ್ಲಿ ಯಾರನ್ನು ಆಸ್ಪತ್ರೆಗೆ ಸೇರಿಸಿಕೊಳ್ಳಬೇಕು, ಯಾರನ್ನು ಔಷಧ ಕೊಟ್ಟು ಮನೆಗೆ ಕಳುಹಿಸಬಹುದು ಎಂದು ತೀರ್ಮಾನಿಸಲು ಸಾವಿನ ಅಪಾಯವನ್ನು ಊಹಿಸುವ ಹಲವು ಮಾದರಿಗಳನ್ನು ಕಟ್ಟಿದರು. ಅತ್ಯಂತ ನಿಖರವಾಗಿ ಊಹಿಸಿದ್ದು ನ್ಯೂರಲ್ ನೆಟ್‌ವರ್ಕ್, ತನ್ನ ಒಳಗಿನ ಲೆಕ್ಕವನ್ನು ಬಿಚ್ಚಿ ತೋರಿಸದ ಮಾದರಿ. ಆದರೆ ಅದೇ ದತ್ತಾಂಶದಿಂದ ಕಲಿತು ತನ್ನ ನಿಯಮಗಳನ್ನು ಬಿಚ್ಚಿ ತೋರಿಸುವ ಇನ್ನೊಂದು ಮಾದರಿಯಲ್ಲಿ ವಿಚಿತ್ರವಾದ ನಿಯಮವೊಂದು ಕಂಡಿತು: ಅಸ್ತಮಾ ಇರುವವರಿಗೆ ನ್ಯುಮೋನಿಯಾದಿಂದ ಸಾಯುವ ಅಪಾಯ ಕಡಿಮೆ. ವೈದ್ಯರಿಗೆ ಇದರ ಗುಟ್ಟು ತಿಳಿಯಲು ಹೊತ್ತಾಗಲಿಲ್ಲ. ಅಸ್ತಮಾ ರೋಗಿಗೆ ನ್ಯುಮೋನಿಯಾ ಬಂದರೆ ಅವನನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಆ ಆರೈಕೆಯಿಂದ ಅವನು ಬದುಕಿಕೊಳ್ಳುತ್ತಿದ್ದ. ಮಾದರಿ ಸುಳ್ಳು ಹೇಳಿರಲಿಲ್ಲ, ದತ್ತಾಂಶದಲ್ಲಿ ಇದ್ದದ್ದೇ ಹಾಗೆ. ಆದರೆ ಅದನ್ನು ನಂಬಿ ಅಸ್ತಮಾ ಇರುವವರನ್ನು ಮನೆಗೆ ಕಳುಹಿಸಿದ್ದರೆ ಹೆಣ ಬೀಳುತ್ತಿತ್ತು. ನ್ಯೂರಲ್ ನೆಟ್‌ವರ್ಕ್‌ನೊಳಗೆ ಇಂಥವು ಇನ್ನೆಷ್ಟು ಅಡಗಿವೆಯೋ ಎಂದು ಅದನ್ನು ರೋಗಿಗಳ ಮೇಲೆ ಬಳಸದೆ ಬಿಟ್ಟರು. ಆ ಕೆಲಸದಲ್ಲಿದ್ದ ರಿಚ್ ಕರುವಾನಾ ಸಂಗಡಿಗರೊಂದಿಗೆ 2015ರಲ್ಲಿ ಪ್ರಕಟಿಸಿದ ಪ್ರಬಂಧದಿಂದಾಗಿ ಈ ಪ್ರಸಂಗ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಪರಿಚಿತವಾಯಿತು.

ಪಿಟ್ಸ್‌ಬರ್ಗ್‌ನ ಕೋಷ್ಟಕದಲ್ಲಿ ಕಾಣದೆ ಹೋದದ್ದು ನಿಗಾ ಘಟಕ. ನಿಮ್ಮದರಲ್ಲಿ ಕಾಣದಿರುವುದು ಕೀಟಬಾಧೆ. ರೈತ ಸಹಾಯವಾಣಿಗೆ ಸುಮ್ಮನೆ ಕರೆ ಮಾಡುವುದಿಲ್ಲ; ಎಲೆ ಮುಟುರಿಕೊಂಡಾಗ, ಹೂವು ಉದುರತೊಡಗಿದಾಗ ಮಾಡುತ್ತಾನೆ. 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳನ್ನು ಕಪ್ಪು ಥ್ರಿಪ್ಸ್ ಮುತ್ತಿದ್ದು ನಿಮಗೆ ನೆನಪಿರಬಹುದು. ಅಂಥ ವರ್ಷ ಕೀಟ ಒಂದು ಕಡೆ ಇಳುವರಿಯನ್ನು ತಗ್ಗಿಸುತ್ತದೆ, ಇನ್ನೊಂದು ಕಡೆ ಫೋನು ಎತ್ತಿಸುತ್ತದೆ. ನಿಮ್ಮವರ ಸಲಹೆಯಿಂದ ಒಂದಿಷ್ಟು ಬೆಳೆ ಉಳಿದಿದ್ದರೂ ಅಂಕಿಗಳಲ್ಲಿ ಸಹಾಯವಾಣಿಯೇ ಅಪರಾಧಿಯಾಗಿ ನಿಲ್ಲುತ್ತದೆ.

ಇನ್ನೊಂದು ಸಂಶಯವಿದೆ, ನನ್ನನ್ನು ಹೆಚ್ಚು ಕಾಡುವುದು ಇದೇ. ಇಳುವರಿಯ ಅಂಕಿ ನಿಮ್ಮ ಕೋಷ್ಟಕಕ್ಕೆ ಬಂದದ್ದು ಹೇಗೆ? ರೈತರೇ ತೂಕದ ಚೀಟಿಯ ಫೋಟೊ ಕಳುಹಿಸುವ ಏರ್ಪಾಡಿದ್ದರೆ ಯಾರು ಕಳುಹಿಸುತ್ತಾರೆ ಎಂದು ಯೋಚಿಸಿ. ಚೆನ್ನಾಗಿ ಬೆಳೆದವರು ಹುರುಪಿನಿಂದ ಕಳುಹಿಸುತ್ತಾರೆ. ನಿಮ್ಮ ಸಿಬ್ಬಂದಿಯೊಂದಿಗೆ ಮಾತಿನ ಬಳಕೆ ಇರುವವರು ಬೆಳೆ ಹೇಗಿದ್ದರೂ ಕಳುಹಿಸುತ್ತಾರೆ. ಕರೆಯನ್ನೂ ಮಾಡದ, ಬೆಳೆಯೂ ಕೈಗೆ ಬಾರದ ರೈತ ಕಳುಹಿಸುವುದೇ ಇಲ್ಲ, ಅವನ ಸಾಲೇ ಅಲ್ಲಿಲ್ಲ. ಹೀಗೆ ಉಳಿದ ಸಾಲುಗಳಲ್ಲಿ ಕರೆ ಮಾಡದವರೆಂದರೆ ಬಹುಪಾಲು ಒಳ್ಳೆಯ ಫಸಲು ಕಂಡವರು. ಕರೆ ಮಾಡಿದವರಲ್ಲಿ ಎಲ್ಲ ಬಗೆಯವರೂ ಇದ್ದಾರೆ. ಕೀಟವೇ ಇಲ್ಲದಿದ್ದರೂ, ಸಹಾಯವಾಣಿಯಿಂದ ಲಾಭ ನಷ್ಟ ಎರಡೂ ಇಲ್ಲದಿದ್ದರೂ, ಈ ಜರಡಿಯೊಂದರಿಂದಲೇ ‘ಕರೆ ಹೆಚ್ಚು, ಇಳುವರಿ ಕಡಿಮೆ’ ಎಂಬ ಸಂಬಂಧ ಹುಟ್ಟಿಬಿಡುತ್ತದೆ. ಆಸ್ಪತ್ರೆಗೆ ದಾಖಲಾದವರನ್ನಷ್ಟೇ ಎಣಿಸಿದರೆ ಪರಸ್ಪರ ಸಂಬಂಧವಿಲ್ಲದ ಎರಡು ಕಾಯಿಲೆಗಳು ಸಂಬಂಧಪಟ್ಟಂತೆ ಕಾಣುತ್ತವೆ ಎಂದು ಜೋಸೆಫ್ ಬರ್ಕ್‌ಸನ್ 1946ರಲ್ಲೇ ತೋರಿಸಿದ್ದರು. ಪಿಸಿಯಾಗಲಿ ನೋಟಿಯರ್ಸ್ ಆಗಲಿ ಇದನ್ನು ಹಿಡಿಯಲಾರವು. ಇಲ್ಲದ ಸಾಲನ್ನು ಅವು ಓದುವುದಾದರೂ ಹೇಗೆ?

ಈಗ ಬಾಣಗಳ ವಿಷಯ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪೀಟರ್ ಸ್ಪರ್ಟಿಸ್ ಮತ್ತು ಕ್ಲಾರ್ಕ್ ಗ್ಲಿಮೋರ್ ಅವರ ಹೆಸರಿನ ಮೊದಲ ಅಕ್ಷರಗಳೇ ‘ಪಿಸಿ’. ಅದು ಮೊದಲು ಎಲ್ಲ ಕಾಲಂಗಳ ನಡುವೆಯೂ ಗೆರೆ ಎಳೆಯುತ್ತದೆ. ಆಮೇಲೆ ಪ್ರತಿ ಜೋಡಿಯನ್ನೂ ಪರೀಕ್ಷಿಸುತ್ತದೆ: ಇನ್ನೊಂದು ಅಂಶವನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟಾಗ ಈ ಎರಡರ ಸಂಬಂಧ ಮಾಯವಾಗುತ್ತದೆಯೇ? ಮಾಯವಾದರೆ ಗೆರೆ ಅಳಿಸುತ್ತದೆ. ಉಳಿದ ಗೆರೆಗಳಿಗೆ ಸಾಧ್ಯವಾದಲ್ಲಿ ಮಾತ್ರ ಬಾಣದ ತುದಿ ಹಚ್ಚುತ್ತದೆ. ‘ಸಾಧ್ಯವಾದಲ್ಲಿ ಮಾತ್ರ’ ಎಂಬಲ್ಲೇ ಇರುವುದು ಮರ್ಮ.

ಮಳೆ ಕೈಕೊಟ್ಟು ಕೀಟ ಹೆಚ್ಚಿ, ಕೀಟದಿಂದ ಕರೆ ಹೆಚ್ಚಿತು ಎನ್ನಿ. ಇದು ಸರಪಳಿ. ಕೀಟವೊಂದೇ ಅತ್ತ ಕರೆಗೂ ಇತ್ತ ಇಳುವರಿಗೂ ಕಾರಣ ಎನ್ನಿ. ಇದು ಕವಲು. ಎರಡರಲ್ಲೂ ತುದಿಯ ಅಂಶಗಳ ನಡುವೆ ಸಂಬಂಧ ಕಾಣುತ್ತದೆ. ನಡುವಿನ ಕೀಟದ ಮಟ್ಟವನ್ನು ಹಿಡಿದಿಟ್ಟರೆ ಆ ಸಂಬಂಧ ಹೋಗುತ್ತದೆ. ಅಂಕಿಗಳಲ್ಲಿ ಎರಡರ ಹೆಜ್ಜೆಗುರುತೂ ಒಂದೇ, ಹಾಗಾಗಿ ಎಷ್ಟು ಲಕ್ಷ ಸಾಲು ಕೊಟ್ಟರೂ ಪಿಸಿ ಇವೆರಡನ್ನು ಬೇರ್ಪಡಿಸಲಾರದು. ಬೇರೆ ಗುರುತು ಬಿಡುವುದು ಮೂರನೆಯದು, ಎರಡು ಬಾಣಗಳು ಬಂದು ಕೂಡುವ ಸಂಗಮ. ಕೀಟ ಹೆಚ್ಚಿದ್ದರೂ ಕರೆ ಮಾಡುತ್ತಾರೆ, ಮೊದಲಿನಿಂದ ಫೋನು ಬಳಸುವ ರೂಢಿ ಇದ್ದರೂ ಕರೆ ಮಾಡುತ್ತಾರೆ. ಕೀಟಕ್ಕೂ ಫೋನಿನ ರೂಢಿಗೂ ನಂಟಿಲ್ಲ. ಆದರೆ ಕರೆ ಮಾಡಿದವರನ್ನು ಮಾತ್ರ ನೋಡಿದರೆ ನಂಟು ಕಾಣಿಸುತ್ತದೆ: ಫೋನಿನ ರೂಢಿ ಇಲ್ಲದವನೂ ಕರೆ ಮಾಡಿದ್ದಾನೆಂದರೆ ಅವನ ಹೊಲದಲ್ಲಿ ಕೀಟ ಜೋರಾಗಿಯೇ ಇರಬೇಕು. ಹಿಡಿದಿಟ್ಟಾಗ ಸಂಬಂಧ ಮಾಯವಾಗುವ ಬದಲು ಹುಟ್ಟಿಕೊಂಡರೆ ಅಲ್ಲೊಂದು ಸಂಗಮವಿದೆ ಎಂದು ಪಿಸಿ ತಿಳಿಯುತ್ತದೆ. ಅದು ಎಳೆಯುವ ಬಾಣಗಳೆಲ್ಲ ಮೂಲತಃ ಇಂಥ ಸಂಗಮಗಳಿಂದ ಬಂದವು.

ಏಳು ಕಾಲಂಗಳ ನಡುವೆ ಹೊರಟಲ್ಲಿಗೇ ಸುತ್ತಿ ಬಾರದಂತೆ ಬಾಣಗಳನ್ನು ಎಳೆಯುವ ಬಗೆಗಳು ಒಟ್ಟು 1,13,87,79,265. ನೂರಹದಿಮೂರು ಕೋಟಿಗೂ ಮಿಕ್ಕ ಈ ಚಿತ್ರಗಳಲ್ಲಿ ಒಂದನ್ನು ಕೆಲವು ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳ ಬಲದಿಂದ ಆರಿಸಬೇಕು. ನಿಮ್ಮ ಸಾಲುಗಳು ಕಡಿಮೆಯಿದ್ದರೆ, ಸಂಬಂಧ ಇದೆ ಎಂದು ಒಪ್ಪಲು ಪರೀಕ್ಷೆಗೆ ಇಟ್ಟ ಮಿತಿಯನ್ನು 0.05ರಿಂದ 0.01ಕ್ಕೆ ಇಳಿಸಿದರೂ ಸಾಕು, ಗೆರೆಗಳು ಅದಲುಬದಲಾಗುತ್ತವೆ. ಮಳೆಯ ಕಾಲಂ ತೆಗೆದಾಗ ಬಾಣ ತಿರುಗಿದ್ದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಕೋಷ್ಟಕದಲ್ಲಿ ಇಲ್ಲದ ಕೀಟಕ್ಕೆ ಅಷ್ಟೋ ಇಷ್ಟೋ ಬದಲಿಯಾಗಿ ನಿಂತದ್ದು ಮಳೆ. ಅದನ್ನೂ ತೆಗೆದಾಗ ಮೊದಲು ಕಂಡ ಸಂಗಮ ಅಳಿಸಿ ಇನ್ನೊಂದು ಮೂಡಿರುತ್ತದೆ. ಎರಡಕ್ಕೂ ಮೂಲವಾದ ಕಾರಣ ಯಾವುದೂ ಹೊರಗೆ ಉಳಿದಿಲ್ಲ ಎಂಬ ನಂಬಿಕೆಯ ಮೇಲೆ ಪಿಸಿ ನಿಂತಿದೆ, ನಿಮ್ಮಲ್ಲಿ ಆ ನಂಬಿಕೆಯೇ ಮುರಿದಿದೆ. ಅದರ ಇನ್ನೊಂದು ನಂಬಿಕೆ, ಅಂಕಿಗಳಲ್ಲಿ ಸಂಬಂಧ ಕಾಣದಿದ್ದರೆ ಕಾರಣವೂ ಇಲ್ಲ ಎಂಬುದು. ಕೀಟ ತಂದ ನಷ್ಟವನ್ನು ನಿಮ್ಮ ಸಲಹೆ ಸರಿಯಾಗಿ ತುಂಬಿಕೊಟ್ಟಿತು ಎಂದು ಭಾವಿಸಿ. ಆಗ ಕರೆಗೂ ಇಳುವರಿಗೂ ಸಂಬಂಧವೇ ಕಾಣುವುದಿಲ್ಲ, ಪಿಸಿ ಗೆರೆ ಅಳಿಸುತ್ತದೆ. ಸಹಾಯವಾಣಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದಕ್ಕೆ ಸಿಕ್ಕ ಬಹುಮಾನ!

ನೋಟಿಯರ್ಸ್‌ನ ಕಥೆ ಬೇರೆ. 2018ರಲ್ಲಿ ಬಂದ ಈ ವಿಧಾನ ಕೋಟಿಗಟ್ಟಲೆ ಚಿತ್ರಗಳ ಹುಡುಕಾಟವನ್ನು ನ್ಯೂರಲ್ ನೆಟ್‌ವರ್ಕ್‌ಗೆ ತರಬೇತಿ ಕೊಡುವಂಥ ಲೆಕ್ಕವಾಗಿ ಬದಲಿಸಿತು. ಗಣಿತ ನಿಜಕ್ಕೂ ಸುಂದರ, ಅದರ ಹಿಂದೆ ಹತ್ತಾರು ಪ್ರಬಂಧಗಳು ಬಂದವು. ಕೃತಕವಾಗಿ ತಯಾರಿಸಿದ ದತ್ತಾಂಶದಲ್ಲಿ ಅಂಕಗಳೂ ಚೆನ್ನಾಗಿ ಬಂದವು. 2021ರಲ್ಲಿ ಕೆಲವರು ಆ ಅಂಕಗಳ ಮೂಲವನ್ನು ಕೆದಕಿದರು. ಹಾಗೆ ತಯಾರಿಸಿದ ದತ್ತಾಂಶದಲ್ಲಿ ಕಾರಣದಿಂದ ಪರಿಣಾಮಕ್ಕೆ ಸಾಗಿದಂತೆ ಅಂಕಿಗಳ ಏರಿಳಿತ ತಾನಾಗಿಯೇ ದೊಡ್ಡದಾಗುತ್ತಿತ್ತು. ಅಲ್ಗಾರಿದಮ್ ಬಹಳಮಟ್ಟಿಗೆ ಆ ಏರಿಳಿತದ ಗಾತ್ರವನ್ನೇ ನೋಡಿ ಬಾಣ ಎಳೆಯುತ್ತಿತ್ತು. ಎಲ್ಲ ಕಾಲಂಗಳನ್ನೂ ಒಂದೇ ಅಳತೆಗೆ ತಂದಾಗ ಅದರ ಜಾಣತನ ಕುಸಿಯಿತು. ನೀವೇ ಪರೀಕ್ಷಿಸಿ ನೋಡಿ: ಇಳುವರಿ ಈಗ ಕ್ವಿಂಟಲ್‌ನಲ್ಲಿದ್ದರೆ ಕಿಲೋಗೆ ಬದಲಿಸಿ, ಕಿಲೋದಲ್ಲಿದ್ದರೆ ಕ್ವಿಂಟಲ್‌ಗೆ ಬದಲಿಸಿ ಮತ್ತೆ ಓಡಿಸಿ. ಬಾಣ ತಿರುಗುವ ಸಾಧ್ಯತೆ ಚೆನ್ನಾಗಿಯೇ ಇದೆ. ತಕ್ಕಡಿಯ ಕಲ್ಲು ಬದಲಾದರೆ ತಿರುಗುವ ಕಾರಣವನ್ನು ಕಾರಣ ಎನ್ನಲಾಗದು.

ಈ ಕ್ಷೇತ್ರವೇ ಟೊಳ್ಳು ಎಂದು ನಾನು ಹೇಳುತ್ತಿಲ್ಲ. ಸಂಬಂಧ ಸರಳರೇಖೆಯದ್ದಾಗಿದ್ದು, ಅದರಲ್ಲಿ ಬೆರೆತ ಯಾದೃಚ್ಛಿಕ ಏರುಪೇರು ಗಂಟೆಯಾಕಾರದ ಗೌಸಿಯನ್ ಹಂಚಿಕೆಯದ್ದಲ್ಲದಿದ್ದರೆ, ಎರಡೇ ಕಾಲಂ ಇದ್ದರೂ ದಿಕ್ಕನ್ನು ತಿಳಿಯಬಹುದು ಎಂಬುದು ಶೋಹೆಯ್ ಶಿಮಿಜು ಮತ್ತು ಸಂಗಡಿಗರು 2006ರಲ್ಲಿ ಮುಂದಿಟ್ಟ ವಿಧಾನದ ತಿರುಳು. ಏರುಪೇರಿನ ಆಕಾರವನ್ನೇ ಓದುವ ಇಂಥ ವಿಧಾನಗಳನ್ನು ಜರ್ಮನಿಯ ಹವಾಮಾನ ಕೇಂದ್ರಗಳ ಎತ್ತರ ಮತ್ತು ತಾಪಮಾನದಂಥ ಜೋಡಿಗಳ ಮೇಲೆ ಪರೀಕ್ಷಿಸುತ್ತಾರೆ. ಬೆಟ್ಟದ ಮೇಲೆ ತಂಪು, ಆದರೆ ಕೋಣೆಗೆ ಎಸಿ ಹಾಕಿದರೆ ನೆಲ ಮೇಲೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಉತ್ತರ ಸರಿಯೋ ತಪ್ಪೋ ಹೇಳಬಹುದು. 2005ರಲ್ಲಿ ಕ್ಯಾರೆನ್ ಸ್ಯಾಕ್ಸ್ ಮತ್ತು ಸಂಗಡಿಗರು ಮನುಷ್ಯರ ರೋಗನಿರೋಧಕ ಕೋಶಗಳ 11 ಪ್ರೋಟೀನು ಮತ್ತಿತರ ಅಣುಗಳ ನಡುವಿನ ಬಾಣಗಳನ್ನು ದತ್ತಾಂಶದಿಂದ ಕಟ್ಟಿದ್ದು ಇಂದಿಗೂ ಈ ಕ್ಷೇತ್ರದ ಹೆಮ್ಮೆಯ ಉದಾಹರಣೆ. ಆದರೆ ಅವರು ಸಾವಿರಾರು ಕೋಶಗಳನ್ನು ಬರೀ ನೋಡುತ್ತ ಕೂರಲಿಲ್ಲ. ರಾಸಾಯನಿಕಗಳನ್ನು ಹಾಕಿ ಒಂದೊಂದು ಅಣುವನ್ನು ಕೆರಳಿಸಿದರು ಅಥವಾ ತಡೆದರು, ಉಳಿದವು ಏನಾದವು ಎಂದು ಅಳೆದರು. ಬಾಣಗಳ ದಿಕ್ಕಿಗೆ ಬಲ ಬಂದದ್ದು ಆ ಕೈಯಾಡಿಸುವಿಕೆಯಿಂದ.

ಹಾಗಾದರೆ ಎಲ್ಲ ಅಂಶಗಳನ್ನೂ ಮಾದರಿಗೆ ತುಂಬಿ, ಅವುಗಳನ್ನು ಸರಿದೂಗಿಸಿ, ಅಂದರೆ ಆ ಅಂಶಗಳು ಒಂದೇ ಮಟ್ಟದಲ್ಲಿರುವವರನ್ನೇ ಹೋಲಿಸಿ, ಕರೆಯ ಪರಿಣಾಮ ಅಳೆದರೆ ಆಗದೇ? ಇಲ್ಲಿ ಎಡವುವವರೇ ಹೆಚ್ಚು. ಸರಿದೂಗಿಸಲೇಬೇಕಾದ ಸಂದರ್ಭಕ್ಕೆ 1986ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಮೂತ್ರಪಿಂಡದ ಕಲ್ಲಿನ ಅಧ್ಯಯನ ಒಳ್ಳೆಯ ಉದಾಹರಣೆ. ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ ಶೇ. 78ರಷ್ಟು ಫಲಿಸಿತ್ತು, ಸಣ್ಣ ರಂಧ್ರದ ಮೂಲಕ ಮಾಡುವ ಚಿಕಿತ್ಸೆ ಶೇ. 83ರಷ್ಟು. ಕಲ್ಲಿನ ಗಾತ್ರದ ಪ್ರಕಾರ ಬಿಡಿಸಿದರೆ ಲೆಕ್ಕ ತಲೆಕೆಳಗು: ಸಣ್ಣ ಕಲ್ಲುಗಳಲ್ಲಿ ಕೊಯ್ದು ಮಾಡಿದ್ದೇ ಮೇಲು, 93ಕ್ಕೆ 87, ದೊಡ್ಡ ಕಲ್ಲುಗಳಲ್ಲೂ ಅದೇ ಮೇಲು, 73ಕ್ಕೆ 69. ದೊಡ್ಡ ಕಲ್ಲಿನ ಕಷ್ಟದ ರೋಗಿಗಳನ್ನು ಹೆಚ್ಚಾಗಿ ಕೊಯ್ಯುವ ಚಿಕಿತ್ಸೆಗೇ ಕಳುಹಿಸಿದ್ದರಿಂದ ಒಟ್ಟು ಲೆಕ್ಕದಲ್ಲಿ ಅದು ಕಳಪೆಯಾಗಿ ಕಂಡಿತ್ತು. ಕಲ್ಲಿನ ಗಾತ್ರ ಚಿಕಿತ್ಸೆಗೆ ಮೊದಲೇ ಇದ್ದದ್ದು, ಆಯ್ಕೆಯ ಮೇಲೂ ಫಲದ ಮೇಲೂ ಪ್ರಭಾವ ಬೀರಿದ್ದು. ಆದ್ದರಿಂದ ಅದನ್ನು ಸರಿದೂಗಿಸಬೇಕು.

ನಿಮ್ಮ ಸಿಂಪಡಣೆಯ ಕಾಲಂ ಹಾಗಲ್ಲ. ಕರೆ ಮಾಡಿದ ರೈತನಿಗೆ ಸಲಹೆ ಸಿಗುತ್ತದೆ, ಸಲಹೆಯಂತೆ ಅವನು ಸಿಂಪಡಿಸುತ್ತಾನೆ, ಅದರಿಂದ ಬೆಳೆ ಉಳಿಯುತ್ತದೆ. ಸಿಂಪಡಣೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ ಸಹಾಯವಾಣಿ ಕೆಲಸ ಮಾಡುವ ದಾರಿಯನ್ನೇ ಮುಚ್ಚಿ, ಆಮೇಲೆ ಪರಿಣಾಮ ಎಲ್ಲಿ ಎಂದು ಹುಡುಕಿದಂತಾಗುತ್ತದೆ. ಸಾಲದೆಂಬಂತೆ ಸಿಂಪಡಣೆ ಒಂದು ಸಂಗಮವೂ ಹೌದು, ಕೀಟದಿಂದಲೂ ಹೆಚ್ಚುತ್ತದೆ, ಸಲಹೆಯಿಂದಲೂ ಬದಲಾಗುತ್ತದೆ. ಕೀಟಬಾಧೆಗೆ ಬದಲಿಯಾಗಿ ಅದನ್ನು ಬಳಸೋಣವೆಂದರೆ ಎರಡು ತೊಡಕು ಒಟ್ಟಿಗೆ ಮೈಮೇಲೆ ಬೀಳುತ್ತವೆ. ಕಲ್ಲಿನ ಗಾತ್ರಕ್ಕೂ ಸಿಂಪಡಣೆಗೂ ಇರುವ ಈ ಭೇದವನ್ನು ಅಂಕಿಗಳು ಹೇಳುವುದಿಲ್ಲ, ದಿನಾಂಕಗಳು ಹೇಳುತ್ತವೆ. ಕರೆಗೆ ಮುಂಚಿನ ಸಿಂಪಡಣೆಯನ್ನೂ ನಂತರದ್ದನ್ನೂ ಬೇರೆ ಕಾಲಂ ಮಾಡಿ, ಮುಂಚಿನದನ್ನು ಮಾತ್ರ ಸರಿದೂಗಿಸಲು ಬಳಸಿ.

ಸರಿದೂಗಿಸಬೇಕಾದ ಅಂಶಗಳು ಖಚಿತವಾದ ಮೇಲೆ ನಿಮ್ಮ ಎಕ್ಸ್‌ಜಿಬೂಸ್ಟ್‌ಗೆ ತಕ್ಕ ಕೆಲಸ ಸಿಗುತ್ತದೆ. 2018ರಲ್ಲಿ ವಿಕ್ಟರ್ ಚೆರ್ನೊಜುಕೋವ್ ಮತ್ತು ಸಂಗಡಿಗರು ವಿವರಿಸಿದ ‘ಡಬಲ್ ಮಷೀನ್ ಲರ್ನಿಂಗ್’ ವಿಧಾನದಲ್ಲಿ ಮಳೆ, ತಳಿ, ನೀರಾವರಿಗಳಿಂದ ಇಳುವರಿಯನ್ನು ಊಹಿಸುವ ಒಂದು ಮಾದರಿ, ಅವುಗಳಿಂದಲೇ ಕರೆಗಳನ್ನು ಊಹಿಸುವ ಇನ್ನೊಂದು ಮಾದರಿ ಕಟ್ಟುತ್ತೀರಿ. ಊಹೆಗೆ ಸಿಗದೆ ಉಳಿದ ಇಳುವರಿಯನ್ನು, ಊಹೆಗೆ ಸಿಗದೆ ಉಳಿದ ಕರೆಗಳೊಂದಿಗೆ ಹೋಲಿಸುತ್ತೀರಿ. ದತ್ತಾಂಶದ ಒಂದು ಭಾಗದಲ್ಲಿ ಕಲಿತು ಇನ್ನೊಂದು ಭಾಗದಲ್ಲಿ ಊಹಿಸುವ ಶಿಸ್ತು ಇಲ್ಲಿ ಕಡ್ಡಾಯ. ವಕ್ರವಾದ, ಒಂದಕ್ಕೊಂದು ಹೆಣೆದುಕೊಂಡ ಸಂಬಂಧಗಳನ್ನು ಕೈಯಿಂದ ಬರೆಯುವ ಕಷ್ಟ ತಪ್ಪುತ್ತದೆ. ಅದೇ ವರ್ಷ ಸ್ಟೀಫನ್ ವೇಗರ್ ಮತ್ತು ಸೂಸನ್ ಏಥಿ ಪ್ರಕಟಿಸಿದ ‘ಕಾಸಲ್ ಫಾರೆಸ್ಟ್’ ಮಳೆಯಾಶ್ರಿತ ರೈತರಿಗೆ ಲಾಭ ಹೆಚ್ಚೋ ನೀರಾವರಿಯವರಿಗೋ ಎಂದು ಬಿಡಿಸಿ ಹೇಳಬಲ್ಲದು. ಆದರೆ ಕಾಣದ ಕೀಟವನ್ನು ಕಾಣುವಂತೆ ಮಾಡುವ ಶಕ್ತಿ ಇವೆರಡಕ್ಕೂ ಇಲ್ಲ. ಋತುಬಂಧದ ನಂತರ ಹಾರ್ಮೋನ್ ತೆಗೆದುಕೊಳ್ಳುವ ಮಹಿಳೆಯರಲ್ಲಿ ಹೃದ್ರೋಗ ಕಡಿಮೆ ಎಂದು ದೊಡ್ಡ ದೊಡ್ಡ ಅಧ್ಯಯನಗಳು ಸಾಕಷ್ಟು ಸರಿದೂಗಿಸಿಯೇ ಹೇಳಿದ್ದವು. ಅಮೆರಿಕದಲ್ಲಿ 16,608 ಮಹಿಳೆಯರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು: ಸ್ತನ ಕ್ಯಾನ್ಸರ್, ಪಾರ್ಶ್ವವಾಯುಗಳ ಜೊತೆಗೆ ಹೃದ್ರೋಗವೂ ಔಷಧ ಪಡೆದವರಲ್ಲೇ ಹೆಚ್ಚಾಗಿ ಕಂಡಿತು.

ಆದ್ದರಿಂದ ಮುಂದಿನ ಮುಂಗಾರಿಗೆ ದತ್ತಾಂಶವನ್ನೇ ಬೇರೆ ರೀತಿ ಹುಟ್ಟಿಸಿ. 1854ರ ಲಂಡನ್ನಿನಲ್ಲಿ ಕಾಲರಾ ಹರಡುವುದು ನೀರಿನಿಂದ ಎಂದು ಜಾನ್ ಸ್ನೋ ತೋರಿಸಿಕೊಟ್ಟದ್ದು ನೆನಪಿಸಿಕೊಳ್ಳಿ. ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಎರಡು ಬೇರೆ ಕಂಪನಿಗಳ ಕೊಳವೆ ಇತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ಥೇಮ್ಸ್ ನದಿಯ ಮೇಲ್ಭಾಗಕ್ಕೆ, ಕೊಳಚೆ ಸೇರುವ ಮೊದಲಿನ ಜಾಗಕ್ಕೆ ತನ್ನ ನೀರಿನ ಮೂಲವನ್ನು ಬದಲಿಸಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಬದಲಿಸಿರಲಿಲ್ಲ. ಬಡವ ಬಲ್ಲಿದ ಭೇದವಿಲ್ಲದೆ ಮನೆಗಳು ಬೆರೆತಿದ್ದವು. ಪ್ರತಿ 10,000 ಮನೆಗಳಿಗೆ ಎರಡನೆಯದರಲ್ಲಿ 315 ಸಾವು, ಮೊದಲನೆಯದರಲ್ಲಿ 37. ಸ್ನೋ ಅವರ ಬಳಿ ಅಲ್ಗಾರಿದಮ್ ಇರಲಿಲ್ಲ, ಸಾವಾದ ಮನೆಗಳ ಬಾಗಿಲಿಗೆ ಹೋಗಿ ನಿಮ್ಮದು ಯಾವ ಕಂಪನಿಯ ನೀರು ಎಂದು ಕೇಳುವ ಹಟವಿತ್ತು.

ನಿಮಗೆ ಅಂಥ ಅದೃಷ್ಟ ಸಿಗದಿದ್ದರೆ ಚೀಟಿ ಎತ್ತಿ. ಸಹಾಯವಾಣಿಯನ್ನು ಯಾರಿಗೂ ನಿರಾಕರಿಸಬಾರದು, ಅದು ಎಲ್ಲರಿಗೂ ತೆರೆದಿರಲಿ. ಚೀಟಿಯಲ್ಲಿ ಬಂದ ಅರ್ಧದಷ್ಟು ಹಳ್ಳಿಗಳ ರೈತರಿಗೆ ನಾಟಿಯಿಂದ ಹೂ ಬಿಡುವವರೆಗೆ ವಾರಕ್ಕೊಮ್ಮೆ ಸಹಾಯವಾಣಿಯ ಸಂಖ್ಯೆಯನ್ನು ನೆನಪಿಸುವ ಸಂದೇಶ ಹೋಗಲಿ, ಉಳಿದ ಹಳ್ಳಿಗಳಿಗೆ ಬೇಡ. ರೈತರನ್ನು ಒಬ್ಬೊಬ್ಬರಾಗಿ ಆರಿಸಬೇಡಿ. ಕಟ್ಟೆಯ ಮೇಲೆ ಕೂತು ಮಾತಾಡುವವರ ನಡುವೆ ಸಲಹೆ ಹಂಚಿಹೋಗುತ್ತದೆ. ಸಂದೇಶದಲ್ಲಿ ಸಂಖ್ಯೆ ಮಾತ್ರ ಇರಲಿ, ಕೀಟದ ಬಗ್ಗೆ ಒಂದು ಸಾಲೂ ಬೇಡ. ಸಂದೇಶ ಇಳುವರಿಯನ್ನು ಮುಟ್ಟುವುದು ಕರೆಯ ಮೂಲಕವೇ ಎಂಬ ಆಧಾರ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಕೊನೆಗೆ ಎರಡೂ ಬಗೆಯ ಹಳ್ಳಿಗಳಲ್ಲಿ, ಕರೆ ಮಾಡಿದವರು ಮಾಡದವರು ಎನ್ನದೆ, ನೀವೇ ಹೋಗಿ ಇಳುವರಿ ತೂಗಿ ಬರಬೇಕು. ಇಳುವರಿಯ ವ್ಯತ್ಯಾಸವನ್ನು ಕರೆಗಳ ವ್ಯತ್ಯಾಸದಿಂದ ಭಾಗಿಸಿದರೆ ಒಂದು ಕರೆಯ ಸರಾಸರಿ ಪರಿಣಾಮ ಸಿಗುತ್ತದೆ. ಆದರೆ ಅದು ನೆನಪಿಸಿದ್ದರಿಂದ ಕರೆ ಮಾಡಿದವರ ಮಟ್ಟಿಗೆ ಮಾತ್ರ ನಿಜ, ಹೇಗೂ ಮಾಡುತ್ತಿದ್ದವರ ಮಟ್ಟಿಗೆ ಅಲ್ಲ. 2021ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೋಶುವಾ ಆಂಗ್ರಿಸ್ಟ್ ಮತ್ತು ಗೀಡೊ ಇಂಬೆನ್ಸ್ ಸ್ಪಷ್ಟಪಡಿಸಿದ್ದು ಈ ಮಿತಿಯನ್ನೇ. ಇಲ್ಲಿ ಲೆಕ್ಕಕ್ಕೆ ಬರುವುದು ಹಳ್ಳಿಗಳ ಸಂಖ್ಯೆ. ಹತ್ತು ಹಳ್ಳಿಗಳ ಸಾವಿರ ರೈತರಿಗಿಂತ ಐವತ್ತು ಹಳ್ಳಿಗಳ ಐನೂರು ರೈತರು ಲೇಸು.

ಅಲ್ಲಿಯವರೆಗೆ ಇರುವ ದತ್ತಾಂಶದಲ್ಲೇ ಏನಾದರೂ ಮಾಡಬೇಕೆಂದಿದ್ದರೆ ‘ಡೂವೈ’ ಎಂಬ ಉಚಿತ ಸಾಫ್ಟ್‌ವೇರ್ ಗ್ರಂಥಾಲಯವನ್ನು (ಸಿದ್ಧ ಪ್ರೋಗ್ರಾಂಗಳ ಸಂಗ್ರಹವನ್ನು) ಕಲಿಯಿರಿ. ಮೈಕ್ರೋಸಾಫ್ಟ್ ರಿಸರ್ಚ್‌ನಿಂದ ಬಂದ ಅದರ ರೂವಾರಿಗಳಲ್ಲಿ ಒಬ್ಬರಾದ ಅಮಿತ್ ಶರ್ಮಾ ಆ ಸಂಸ್ಥೆಯ ಬೆಂಗಳೂರು ಪ್ರಯೋಗಾಲಯದವರು. ಬಾಣಗಳ ಚಿತ್ರವನ್ನು ಮೊದಲು ನಿಮ್ಮಿಂದಲೇ ಬರೆಸಿಕೊಂಡು ಆಮೇಲೆ ಲೆಕ್ಕಕ್ಕೆ ಇಳಿಯುವ ಅದರ ಕ್ರಮ ನನಗೆ ಇಷ್ಟ. ಬಂದ ಉತ್ತರವನ್ನು ಕೆಡವಲು ಯತ್ನಿಸುವ ಪರೀಕ್ಷೆಗಳೂ ಅದರಲ್ಲಿವೆ. ಆ ಚಿತ್ರ ಬರೆಯುವಾಗ ಕಂಪ್ಯೂಟರಿನ ಮುಂದೆ ಒಬ್ಬರೇ ಕೂರಬೇಡಿ. ಕರೆ ಸ್ವೀಕರಿಸುವ ಸಿಬ್ಬಂದಿ ಒಬ್ಬರನ್ನೂ ಬೆಳೆಗಾರರಲ್ಲಿ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೇಲಧಿಕಾರಿಗೆ ಈ ವಾರವೇ ಏನಾದರೂ ತೋರಿಸಬೇಕಿದ್ದರೆ ಯಾವ ಗ್ರಂಥಾಲಯವೂ ಬೇಡದ ಪರೀಕ್ಷೆಯೊಂದಿದೆ. ಈ ಹಂಗಾಮಿನ ಕರೆಗಳು ಹೋದ ವರ್ಷದ ಇಳುವರಿಯನ್ನು ಬದಲಿಸಲಾರವು. ಹೋದ ವರ್ಷದ ಇಳುವರಿ ನಿಮ್ಮ ಬಳಿ ಇದ್ದರೆ ಅದನ್ನೇ ಫಲಿತಾಂಶದ ಕಾಲಂನಲ್ಲಿಟ್ಟು ಅದೇ ಮಾದರಿಯನ್ನು ಓಡಿಸಿ. ಅಲ್ಲೂ ಕರೆ ಹೆಚ್ಚಿದಂತೆ ಇಳುವರಿ ಕಡಿಮೆಯಾಗುತ್ತಿದ್ದರೆ, ಕರೆ ಮಾಡುವವರ ಹೊಲಗಳು ಸಹಾಯವಾಣಿ ಮುಟ್ಟುವ ಮೊದಲೇ ಬೇರೆ ಇದ್ದವು ಎಂದಾಯಿತು. ಹಾಗೆ ಬಾರದಿದ್ದರೆ ಸಹಾಯವಾಣಿ ತಪ್ಪಿತಸ್ಥ ಎಂದೇನೂ ಆಗುವುದಿಲ್ಲ. ಕೀಟ ಈ ವರ್ಷವಷ್ಟೇ ಬಂದಿರಬಹುದು.